ಪತ್ರವಿಲ್ಲದ ಆಸ್ತಿ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: “ಮಿಸ್, ವಸಂತ ಋತು ಅಂದ್ರೆ ಚಿಗುರು, ಹೂವು, ಕೋಗಿಲೆ ಅಂತ ಬರೀತೀವಿ. ನಮ್ಮೂರಲ್ಲಿ ಆಗ ಬೋರ್‌ವೆಲ್ ನಿಂತೋಗಿರುತ್ತೆ. ಅದು ಹೆಂಗೆ ಮಿಸ್ ವಸಂತ?” ಇಡೀ ತರಗತಿ ನಕ್ಕಿತು. ನಾನೂ ನಕ್ಕು, “ಚೈತ್ರ, ವೈಶಾಖ ವಸಂತ ಋತು. ಪರೀಕ್ಷೆಯಲ್ಲಿ ಹಾಗೇ ಬರಿ” ಎಂದು ಮುಂದಿನ ಪಾಠಕ್ಕೆ ಹೋದೆ. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲೇ ಮನೆಗೆ ಬಂತು.

ನಮ್ಮದು ತಿಪಟೂರು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯನ್ನೂ ಸೇರಿಸಿಕೊಂಡರೆ ಕಣ್ಣು ಹಾಯಿಸಿದಷ್ಟೂ ತೆಂಗು. ಹೊರಗಿನವರು ಕಲ್ಪತರು ನಾಡು ಎಂದು ಹೊಗಳುತ್ತಾರೆ. ಅವರು ಯುಗಾದಿ ಕಳೆದ ಮೇಲೆ ಒಮ್ಮೆ ಬರಬೇಕು. ತೆಂಗಿನ ಬುಡದ ಪಾತಿಯ ಮಣ್ಣು ಬಿರುಕು ಬಿಟ್ಟಿರುತ್ತದೆ. ಅಂಗಳದ ಕಲ್ಲು ಬರಿಗಾಲಿಗೆ ಕೆಂಡದಂತಿರುತ್ತದೆ. ಎಲ್ಲರೂ ಅಶ್ವಿನಿ, ಭರಣಿ ಮಳೆಗೆ ಕಾಯುತ್ತಿರುತ್ತಾರೆ. ಭರಣಿ ಮಳೆ ಧರಣಿ ಬೆಳೆ ಎಂದು ಸುಮ್ಮನೆ ಹೇಳಲಿಲ್ಲ. ಒಂದು ಸಂಜೆ ಗುಡುಗು, ಮಿಂಚು, ಗಾಳಿ. ನಾಲ್ಕು ತೆಂಗಿನ ಗರಿ ಬಿದ್ದು, ಕರೆಂಟು ಹೋಗಿ, ಮಳೆ ಸುರಿಯುತ್ತದೆ. ಅದಾದ ನಾಲ್ಕನೇ ದಿನವೋ ಐದನೇ ದಿನವೋ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ, ಬರೀ ಮಣ್ಣಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ಪುಟ್ಟ ಹೂವುಗಳು ಸಾಲಾಗಿ ನಿಂತಿರುತ್ತವೆ. ನಮ್ಮವ್ವ ಅದನ್ನು ಮಳೆಹೂವು ಎನ್ನುತ್ತಿದ್ದಳು. ನರ್ಸರಿಯವರು ರೈನ್ ಲಿಲ್ಲಿ ಎನ್ನುತ್ತಾರೆ. ನೀವೂ ನೋಡಿರುತ್ತೀರಿ. ಒಂದೆರಡು ದಿನ ಇದ್ದು ಬಾಡಿಹೋಗುವ ಈ ಹೂವನ್ನು ಯಾರೂ ದೇವರಿಗೂ ಮುಡಿಸುವುದಿಲ್ಲ, ಜಡೆಗೂ ಮುಡಿಯುವುದಿಲ್ಲ. ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆಯಿಲ್ಲ. ನಾನು ಈ ಸಲ ಚರಿತ್ರೆ ಬರೆಯಬೇಕೆಂದು ಕೂತಿರುವುದು ಇಂಥ ಬೆಲೆಯಿಲ್ಲದ ಗೆಡ್ಡೆಗಳದ್ದು.

ಚರಿತ್ರೆ ಎಂದರೆ ಮೊದಲು ಬೆಲೆಯಿದ್ದ ಗೆಡ್ಡೆಯಿಂದಲೇ ಶುರುಮಾಡಬೇಕು. ಟ್ಯುಲಿಪ್ ಹೂವನ್ನು ನಾನು ಮೊದಲು ಕಂಡದ್ದು ಸಿನಿಮಾದಲ್ಲಿ. 1981ರ ‘ಸಿಲ್‌ಸಿಲಾ’ ಚಿತ್ರದ ಹಾಡಿಗೆ ಹಾಲೆಂಡಿನ ಕ್ಯೂಕೆನ್‌ಹಾಫ್ ತೋಟದ ಟ್ಯುಲಿಪ್ ಮಡಿಗಳನ್ನು ತೋರಿಸಿದ್ದರು. ಆ ಬಣ್ಣಗಳು ಕಣ್ಣಲ್ಲಿ ಎಷ್ಟು ವರ್ಷ ಉಳಿದವೆಂದರೆ, ಕೆಲಸಕ್ಕೆ ಸೇರಿ ಸಂಬಳ ಕೈಗೆ ಬಂದ ಮೇಲೆ, ಬೆಂಗಳೂರಿನಿಂದ ಐದು ಟ್ಯುಲಿಪ್ ಗೆಡ್ಡೆ ತಂದೇಬಿಟ್ಟೆ. ಮಾರಿದವನು, “ಮೂರು ತಿಂಗಳು ಫ್ರಿಜ್ಜಿನಲ್ಲಿಡಿ ಮೇಡಂ, ಆಮೇಲೆ ನೆಡಿ” ಎಂದ. ಕೊತ್ತಂಬರಿ ಸೊಪ್ಪಿನ ಪಕ್ಕ ಕಾಗದದ ಪೊಟ್ಟಣದಲ್ಲಿಟ್ಟೆ. ಒಂದು ದಿನ ಶಾಲೆಯಿಂದ ಬಂದಾಗ ನಮ್ಮ ಅತ್ತೆ ಈಳಿಗೆಮಣೆಯ ಮುಂದೆ ಕೂತು ಬೆರಗಿನಿಂದ ಹೇಳಿದರು: “ಇದೆಂಥ ಈರುಳ್ಳಿ ತಂದಿದೀಯೆ? ಎರಡು ಹೆಚ್ಚಿದೆ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ!” ಪುಣ್ಯಕ್ಕೆ ಹುಳಿಗೆ ಹಾಕಿರಲಿಲ್ಲ. ಉಳಿದ ಮೂರನ್ನು ನೆಟ್ಟೆ. ಎರಡು ಕೊಳೆತವು. ಒಂದು ಎರಡೆಲೆ ಬಿಟ್ಟು, ನಮ್ಮ ಬಿಸಿಲನ್ನು ನೋಡಿ ಮಲಗಿತು.

ಈ ಟ್ಯುಲಿಪ್ಪಿನ ಚರಿತ್ರೆ ದೊಡ್ಡದು. ಮಧ್ಯ ಏಷ್ಯಾದ ಬೆಟ್ಟಗಳ ಗೆಡ್ಡೆ ಇದು. ತುರ್ಕಿಯ ಸುಲ್ತಾನರ ಅರಮನೆಯ ತೋಟಗಳಲ್ಲಿ ಮೆರೆದು ಯೂರೋಪಿಗೆ ಹೋಯಿತು. ಕ್ಲೂಸಿಯಸ್ ಎಂಬ ಸಸ್ಯಪಂಡಿತ 1593ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ನೆಟ್ಟ, ಮರುವರ್ಷ ಅರಳಿತು. ನಲವತ್ತು ವರ್ಷ ಕಳೆಯುವುದರೊಳಗೆ ಆ ದೇಶಕ್ಕೆ ಗೆಡ್ಡೆಯ ಹುಚ್ಚು ಹಿಡಿದಿತ್ತು. ಮಣ್ಣಿನಲ್ಲಿ ಮಲಗಿದ್ದ ಗೆಡ್ಡೆಯನ್ನು ಕಣ್ಣಿಂದ ನೋಡದೆ ಕಾಗದದ ಮೇಲೆ ಕೊಂಡು ಮಾರಿದರು. ಅಪರೂಪದ ಒಂದು ಗೆಡ್ಡೆಯ ಬೆಲೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಮನೆಯೇ ಬರುತ್ತಿತ್ತೆಂದು ಹೇಳುತ್ತಾರೆ. 1637ರ ಫೆಬ್ರವರಿಯಲ್ಲಿ ಬೆಲೆ ಒಮ್ಮೆಗೇ ಕುಸಿಯಿತು. ಅದೇ ದೇಶದಲ್ಲಿ ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, ಅಂದರೆ 1944–45ರಲ್ಲಿ, ಜರ್ಮನ್ನರ ಹಿಡಿತದಲ್ಲಿ ಅನ್ನಕ್ಕೆ ಗತಿಯಿಲ್ಲದಾದಾಗ ಜನ ಟ್ಯುಲಿಪ್ ಗೆಡ್ಡೆಗಳನ್ನೇ ಬೇಯಿಸಿ ತಿಂದರು. ಇದನ್ನು ಓದಿದ ದಿನ ನಾನು ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನಾನು ಹೆಚ್ಚಿದ್ದು ತಪ್ಪಲ್ಲ ಬಿಡು” ಎಂದರು.

ಟ್ಯುಲಿಪ್ ನಮ್ಮಲ್ಲಿ ಏಕೆ ಬದುಕಲಿಲ್ಲ ಎಂದು ಹುಡುಕುತ್ತಾ ಹೋದಾಗ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಗೆಡ್ಡೆ ಹೂಬಿಡಬೇಕಾದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಕೊರೆಯುವ ಚಳಿಯಲ್ಲಿ ಮಲಗಬೇಕು. ಹತ್ತು ಡಿಗ್ರಿಗಿಂತ ಕೆಳಗಿನ ಚಳಿ. ಹಾಗೆ ಮಲಗಿದ್ದಾಗಲೇ ಎದ್ದು ಹೂಬಿಡುವ ಸಿದ್ಧತೆ ಅದರೊಳಗೆ ಪೂರ್ತಿಯಾಗುತ್ತದೆ. ಶ್ರೀನಗರದ ದಾಲ್ ಸರೋವರದ ಪಕ್ಕ 2007–08ರಲ್ಲಿ ಮಾಡಿದ ಟ್ಯುಲಿಪ್ ತೋಟ ನಳನಳಿಸುವುದು ಇದರಿಂದಲೇ. ಅಲ್ಲಿನ ಹಿಮ ಪುಕ್ಕಟೆ ಫ್ರಿಜ್ಜು. ತಿಪಟೂರಿನಲ್ಲಿ ಎಂಥ ಮಾಗಿ ಚಳಿಗೂ ಒಂದು ಕಂಬಳಿ ಸಾಕು.

ನಮ್ಮ ಗೆಡ್ಡೆಗಳೂ ಮಲಗುತ್ತವೆ. ಆದರೆ ಚಳಿಗಲ್ಲ, ಬರಕ್ಕೆ. ಮಳೆಗಾಲದಲ್ಲಿ ಎಲೆ ಬಿಟ್ಟು, ಬಿಸಿಲು ಕುಡಿದು, ಹೊಟ್ಟೆ ತುಂಬಿಸಿಕೊಂಡು, ಮಣ್ಣು ಒಣಗಿದಾಗ ಎಲೆ ಉದುರಿಸಿ ಒಳಗೆ ಸೇರುತ್ತವೆ. ಹೂವಿನ ಮೊಗ್ಗು ಮಣ್ಣಿನೊಳಗೇ, ಗೆಡ್ಡೆಯ ಪದರಗಳ ನಡುವೆ ರೂಪುಗೊಂಡಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಮಳೆ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು, ಹತ್ತು, ಹನ್ನೆರಡು ತಿಂಗಳು ಮುಟ್ಟದೆ ಬಿಡುವವರು ನಾವು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎಂದಾಗ ಉಂಡೆ ಕೊಬ್ಬರಿ. ಆತುರಪಟ್ಟು ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಮಲಗಿದ್ದನ್ನು ಮಲಗಲು ಬಿಡಬೇಕೆಂಬುದು ನಮ್ಮ ಅಟ್ಟದ ಪಾಠ.

ಹೀಗೆ ಬರಕ್ಕೆ ಮಲಗುವ ಗೆಡ್ಡೆಗಳಲ್ಲಿ ಇಲ್ಲಿಯದೇ ಆದದ್ದೊಂದಿದೆ: ಅಡವಿ ಈರುಳ್ಳಿ. ಬಯಲುಸೀಮೆಯ ಕಲ್ಲುಮಣ್ಣಿನ ಹುಲ್ಲುಗಾವಲುಗಳಲ್ಲಿ, ಮಳೆಗೂ ಮುಂಚೆಯೇ, ಒಂದೂ ಎಲೆಯಿಲ್ಲದೆ, ಮಂಡಿಯುದ್ದದ ಬೋಳು ಕಡ್ಡಿ ಎದ್ದು, ಅದರ ಮೇಲೆ ಮಾಸಿದ ಬಿಳುಪಿನ ಸಣ್ಣ ಹೂವು ಬಿಡುತ್ತದೆ. ಸಂಜೆ ಅರಳುವ ಹೂವಾದ್ದರಿಂದ ಹಗಲಲ್ಲಿ ನೋಡಿದವರಿಗೆ ಒಣಕಡ್ಡಿಯಂತೆ ಕಾಣುತ್ತದೆ. ಎಲೆ ಬರುವುದು ಮಳೆ ಬಿದ್ದ ಮೇಲೆ. ಕೆಮ್ಮಿನ ಔಷಧಿಗೆಂದು ಬ್ರಿಟಿಷರ ಕಾಲದಲ್ಲಿ ಇದು ಔಷಧಕೋಶಕ್ಕೂ ಸೇರಿತ್ತು. ಮೆಡಿಟರೇನಿಯನ್ ಕಡೆಯ ಗೆಡ್ಡೆಯ ಬದಲಿಗೆ ಇದನ್ನು ಬಳಸುತ್ತಿದ್ದರು. ನೀವು ಮಾತ್ರ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಅದು ವಿಷ.

ಇಂಥ ಗೆಡ್ಡೆ ಉಳಿಯಬೇಕಾದರೆ ನೆಲಕ್ಕೆ ನೇಗಿಲು ತಾಕಬಾರದು. ನಮ್ಮ ಸೀಮೆಯಲ್ಲಿ ನೇಗಿಲು ತಾಕದ ನೆಲ ಎಂದರೆ ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರು ಹದಿನೇಳನೇ ಶತಮಾನದ ಕೊನೆಯಲ್ಲಿ ಅರಮನೆಯ ಹಸುಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆ ನಡೆಸಿದರು. ಟಿಪ್ಪು ಸುಲ್ತಾನ್ ಅದನ್ನೇ ಅಮೃತಮಹಲ್ ಎಂದು ಕರೆದ. ಫಿರಂಗಿ ಎಳೆಯುವ ಎತ್ತುಗಳ ಮೇವಿಗೆಂದು ಕಾದಿರಿಸಿದ ಕಾವಲುಗಳಲ್ಲಿ ರಾಜರು ಬದಲಾದರೂ ಉಳುಮೆ ಬರಲಿಲ್ಲ. ನಮ್ಮ ತಿಪಟೂರಿನ ಕೊನೇಹಳ್ಳಿಯಲ್ಲೂ ಅಮೃತಮಹಲ್ ದನಗಳ ಕೇಂದ್ರವಿದೆ. ಹಸುವಿಗಾಗಿ ಕಾಯ್ದ ನೆಲ ಹೂವನ್ನೂ ಕಾಯಿತು ಎಂದು ನಾನು ಸಮಾಜ ವಿಜ್ಞಾನದ ತರಗತಿಯಲ್ಲಿ ಹೇಳುವುದುಂಟು. ಈಗ ಕಾವಲುಗಳೂ ಕರಗಿವೆ. ಒತ್ತುವರಿಯಾದದ್ದು, ಬೇರೆ ಕೆಲಸಕ್ಕೆ ಕೊಟ್ಟದ್ದು ಬಹಳ.

ಹಾಗಾದರೆ ನಮ್ಮ ಅಂಗಳದ ಮಳೆಹೂವು? ಅದು ಇಲ್ಲಿಯದಲ್ಲ. ಮೆಕ್ಸಿಕೋದಿಂದ ಅರ್ಜೆಂಟೀನದವರೆಗಿನ ಅಮೆರಿಕದ ಹೂವು. ಇಂಗ್ಲೆಂಡಿನ ವಿಲಿಯಂ ಹರ್ಬರ್ಟ್ ಎಂಬ ಪಾದ್ರಿ 1821ರಲ್ಲಿ ಈ ಕುಲಕ್ಕೆ ಜೆಫಿರಾಂಥಿಸ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಪಡುವಣ ಗಾಳಿಯ ಹೂವು ಎಂದರ್ಥ. ಯೂರೋಪಿನವರ ಪಾಲಿಗೆ ಅದು ಪಶ್ಚಿಮ ಸಮುದ್ರದಾಚೆಯಿಂದ ಬಂದದ್ದು ತಾನೆ!

ಮಳೆಹೂವಿನ ಜೊತೆಗೆ ನಮ್ಮ ಮನೆಗಳಲ್ಲಿ ಇನ್ನೊಂದು ಗೆಡ್ಡೆ ಇರುತ್ತದೆ. ಮೇ ಫ್ಲವರ್ ಎನ್ನುತ್ತೇವೆ. ಗುಲ್‌ಮೊಹರ್ ಮರದ ಹೂವಲ್ಲ, ನೆಲದಿಂದ ಏಳುವ ಕೆಂಪು ಚೆಂಡು. ಕೃತ್ತಿಕೆ ಮಳೆಯ ಹೊತ್ತಿಗೆ ದಪ್ಪ ದಂಟು ಎದ್ದು, ತುದಿಯಲ್ಲಿ ನೂರಾರು ಪುಟ್ಟ ಹೂಗಳು ಸೇರಿ ದುಂಡಗೆ ಅರಳುತ್ತವೆ. ಅದು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ಹೂವು. 1795ರಲ್ಲಿ ಪುಸ್ತಕದಲ್ಲಿ ಹೆಸರು ಪಡೆಯಿತು. ಮೆಕ್ಸಿಕೋದ ಬಯಲಾಗಲಿ, ಆಫ್ರಿಕದ ಹುಲ್ಲುಗಾಡಾಗಲಿ, ಅಲ್ಲಿಯೂ ನಮ್ಮಂತೆಯೇ ಒಣ ತಿಂಗಳು, ಆಮೇಲೆ ಮಳೆ. ಅದಕ್ಕೇ ಇವು ಇಲ್ಲಿ ಬಂದು ಅಳಲಿಲ್ಲ.

ಇನ್ನೂ ಒಂದು ಸಂಗತಿ. ನಾವು ಓದುವಾಗ ಇಂಗ್ಲಿಷ್ ಪಠ್ಯದಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಪದ್ಯವಿತ್ತು. ನಮ್ಮ ಮೇಷ್ಟ್ರು, “ಅದೊಂದು ಹಳದಿ ಹೂವು, ಮುಂದೆ ಬರಕೊಳ್ಳಿ” ಎಂದಿದ್ದರು. ನಾನೂ ಹಲವು ವರ್ಷ ಮಕ್ಕಳಿಗೆ ಹಾಗೇ ಹೇಳಿದೆ. ಆಮೇಲೆ ತಿಳಿದದ್ದು: ಡ್ಯಾಫೊಡಿಲ್, ಮಳೆಹೂವು, ಮೇ ಫ್ಲವರ್ ಮೂರೂ ಒಂದೇ ಕುಟುಂಬದವು. 2009ರಿಂದ ಸಸ್ಯಶಾಸ್ತ್ರಜ್ಞರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಅದೇ ಕುಟುಂಬಕ್ಕೆ ಸೇರಿಸಿದ್ದಾರೆ. ಇಂಗ್ಲೆಂಡಿನ ಕವಿ ಕಂಡ ಹೂವಿನ ದಾಯಾದಿ ನಮ್ಮ ಬಚ್ಚಲ ಮೋರಿಯ ಪಕ್ಕದಲ್ಲೇ ಇತ್ತು. ನಾವು ಬೋರ್ಡಿನ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಹೂವು ಬರೆಯುತ್ತಿದ್ದೆವು.

ಪರದೇಶದ ಗಿಡಗಳು ಮೈಸೂರು ಸೀಮೆಗೆ ಬಂದ ದೊಡ್ಡ ಬಾಗಿಲು ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರುಮಾಡಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ದೇಶದೇಶಗಳ ಗಿಡ ತರಿಸಿ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ನಮ್ಮ ಸೀಮೆಬದನೆಕಾಯಿಯನ್ನು ಇಲ್ಲಿ ಬೆಳೆಸಿದವನೂ ಅವನೇ ಎನ್ನುತ್ತಾರೆ. ಅದೇ ಕಾಲಕ್ಕೆ ರೈಲೂ ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, 1889ರಲ್ಲಿ ತಿಪಟೂರು ದಾಟಿ ಹರಿಹರಕ್ಕೆ. ಕೊಬ್ಬರಿ ಮೂಟೆ ರೈಲು ಹತ್ತಿ ಹೋಯಿತು. ಬಂದದ್ದೇನೆಂದು ನಮ್ಮಜ್ಜಿ ಹೇಳುತ್ತಿದ್ದಳು. ತಿಪಟೂರು ಸಂತೆಗೆ ಬಂದಾಗ ರೈಲ್ವೆ ಕ್ವಾರ್ಟರ್ಸಿನ ಒಬ್ಬ ತಮಿಳು ಹೆಂಗಸಿನ ಬಾಗಿಲಲ್ಲಿ ಕೆಂಪು ಚೆಂಡು ಹೂವು ನೋಡಿ ನಿಂತಳಂತೆ. ಭಾಷೆ ಬಾರದು. ಅಜ್ಜಿ ಮಡಿಲಿಂದ ನಾಲ್ಕು ಗಿಟುಕು ಕೊಬ್ಬರಿ ತೆಗೆದು ಕೊಟ್ಟಳು. ಆಕೆ ನಕ್ಕು, ಮಣ್ಣು ಕೆದರಿ, ಎರಡು ಗೆಡ್ಡೆ ಕೊಟ್ಟಳು. ಹಾಲೆಂಡಿನಂತೆ ನಮ್ಮಲ್ಲೂ ಗೆಡ್ಡೆಯ ವ್ಯಾಪಾರವಾಯಿತು ನೋಡಿ, ಆದರೆ ಯಾರ ಮನೆಯೂ ಮುಳುಗಲಿಲ್ಲ.

ಆ ಎರಡು ಗೆಡ್ಡೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯ ಹಿತ್ತಲಲ್ಲಿ ಮರಿ ಹಾಕಿ, ಅಜ್ಜಿಯ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಊರಿಗೆಲ್ಲ ಹೋದವು. 1993ರ ಮೇ ತಿಂಗಳಲ್ಲಿ ನನ್ನ ಮದುವೆಯಾದಾಗ ಅವ್ವ ಟ್ರಂಕಿನ ಮೂಲೆಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ಐದು ಗೆಡ್ಡೆ ಇಟ್ಟಳು. ಹೊಸದಾಗಿ ಬಂದ ಸೊಸೆ ಚೆನ್ನಾಗಿ ನೋಡಿಕೊಳ್ಳಬೇಕೆಂಬ ಉತ್ಸಾಹದಲ್ಲಿ ನಾನು ಬೇಸಿಗೆಯೆಲ್ಲ ದಿನಕ್ಕೊಂದು ಚೊಂಬು ನೀರು ಹಾಕಿ ಮೂರನ್ನು ಕೊಳೆಸಿದೆ. ಆದ್ದರಿಂದ ನೆಡುವವರಿಗೆ ನನ್ನ ಅನುಭವ ಹೇಳಿಬಿಡುತ್ತೇನೆ.

ಮೇ ಫ್ಲವರ್ ಗೆಡ್ಡೆಯನ್ನು ಆಳಕ್ಕೆ ಹೂಳಬೇಡಿ. ಅದರ ಕತ್ತು ಮಣ್ಣಿನ ಮಟ್ಟಕ್ಕಿರಲಿ. ತೆಂಗಿನ ಮರದ ಚದುರಿದ ನೆರಳು ಅದಕ್ಕೆ ಹೇಳಿಮಾಡಿಸಿದ ಜಾಗ. ಮಳೆಹೂವಿಗೆ ಬಿಸಿಲು ಬೇಕು. ಒಂದೆರಡು ಅಂಗುಲ ಆಳ ಸಾಕು. ಹತ್ತು ಹದಿನೈದು ಗೆಡ್ಡೆ ಒತ್ತಾಗಿ ನೆಟ್ಟರೆ ಚೆಂದ. ಜಾಗವಿಲ್ಲದವರು ಅಗಲವಾದ ಕುಂಡದಲ್ಲಿ ಮಣ್ಣು, ಮರಳು, ಸ್ವಲ್ಪ ನಾರಿನ ಪುಡಿ ಸೇರಿಸಿ ನೆಡಬಹುದು. ತಳದಲ್ಲಿ ತೂತು ಮಾತ್ರ ಇರಲೇಬೇಕು. ಎಲೆ ಹಸುರಾಗಿರುವಷ್ಟು ದಿನ ಕತ್ತರಿಸಬೇಡಿ; ಮುಂದಿನ ವರ್ಷದ ಹೂವನ್ನು ಕಟ್ಟುತ್ತಿರುವುದು ಆ ಎಲೆಯೇ. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ. ಅಲ್ಲಿಂದ ಯುಗಾದಿ ದಾಟುವವರೆಗೆ ಆ ಜಾಗವನ್ನು ಮರೆತುಬಿಡಿ. ಮಕ್ಕಳಿರುವ ಮನೆಯಲ್ಲಿ ಈ ಗೆಡ್ಡೆಗಳನ್ನು ಈರುಳ್ಳಿ ಬುಟ್ಟಿಯ ಹತ್ತಿರ ಇಡಬೇಡಿ. ಕುಟುಂಬ ಒಂದೇ ಆದರೂ ಇವು ವಿಷ.

ಇನ್ನು ಬರದ ಮಾತು. ನಮ್ಮ ತೆಂಗಿಗೆ 1998ರ ನಂತರ ನುಸಿ ಬಂತು. ಕಾಯಿ ಸಣ್ಣದಾಯಿತು, ಮೈಯೆಲ್ಲ ಕಜ್ಜಿಯಂತೆ ಒರಟಾಯಿತು. ಅದನ್ನು ತಾಳಿಕೊಂಡ ತೋಟಗಳಿಗೆ 2011ರಿಂದಾಚೆ ಒಂದರ ಹಿಂದೊಂದು ಬರ. ನನ್ನ ತಮ್ಮ ನಾಲ್ಕು ಬೋರ್‌ವೆಲ್ ಕೊರೆಸಿದ. ನಾಲ್ಕನೆಯದರಲ್ಲಿ ಬಂದದ್ದು ಬರೀ ಧೂಳು. 2016ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿದ. ಮರುವರ್ಷದ ಹೊತ್ತಿಗೆ ಅಪ್ಪ ನೆಟ್ಟಿದ್ದ ಮರಗಳು ಸುಳಿ ಒಣಗಿ, ಗರಿ ಜೋತುಬಿದ್ದು, ಒಂದೊಂದಾಗಿ ಬರೀ ಕಂಬವಾಗಿ ನಿಂತವು. ಸಾಲ ತೀರಿಸಲು ತೋಟವನ್ನೂ ಹಳೇ ಮನೆಯನ್ನೂ ಮಾರಬೇಕಾಯಿತು.

ಕೊಳ್ಳುವವರ ವಕೀಲರು, ಹೆಣ್ಣುಮಗಳ ರುಜು ಬೇಕು ಎಂದರು. ಇಲ್ಲೊಂದು ಚರಿತ್ರೆ ಹೇಳಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಪಾಲೆಂದು ಕರ್ನಾಟಕದಲ್ಲಿ 1994ರಲ್ಲಿ ಕಾಯ್ದೆ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯವಿಲ್ಲ ಎಂದಿತ್ತು. ನನ್ನ ಮದುವೆ 1993. ಒಂದು ವರ್ಷದಲ್ಲಿ ತಪ್ಪಿತು. ಹನ್ನೊಂದು ವರ್ಷದ ನಂತರ, 2005ರಲ್ಲಿ, ಕೇಂದ್ರದ ತಿದ್ದುಪಡಿ ಬಂದು ಮದುವೆಯ ಆ ಅಡ್ಡಿ ಹೋಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದನ್ನೆಲ್ಲ ತರಗತಿಯಲ್ಲಿ ಪಾಠ ಮಾಡಿದವಳು ನಾನು. ಆದರೂ 2018ರ ಏಪ್ರಿಲ್‌ನಲ್ಲಿ, ತಮ್ಮ ಕಾಗದ ಮುಂದಿಟ್ಟಾಗ ಓದಿ ರುಜು ಹಾಕಿದೆ. ಅವನ ಕೈ ನೋಡಿದರೆ ಪಾಲು ಕೇಳುವ ಮನಸ್ಸಾಗಲಿಲ್ಲ. ಹಾಗೆಂದು ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿನಗೂ ಏನಾದರೂ ಬೇಕೇನಕ್ಕ ಎಂದು ಒಂದು ಮಾತು ಯಾರಾದರೂ ಕೇಳಬಹುದಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಕೊನೆಗೆ ನಾನೇ ಕೇಳಿದೆ: “ಹಿತ್ತಲಲ್ಲಿ ಅವ್ವನ ಗೆಡ್ಡೆ ಇವೆ. ತಗೊಳ್ಳಲಾ?”

ಅವನು ನಕ್ಕ. “ತಗೊಂಡೋಗಕ್ಕ, ಅದಕ್ಕೇನು ಪತ್ರ ಮಾಡಿಸಬೇಕಾ?”

ಅವ್ವ ಹೋಗಿ ಆಗಲೇ ಆರು ವರ್ಷವಾಗಿತ್ತು. ಹಿತ್ತಲಿಗೆ ಯಾರೂ ಒಂದು ಚೊಂಬು ನೀರು ಹಾಕಿರಲಿಲ್ಲ. ಸತ್ತ ತೆಂಗಿನ ಬುಡದ ಮಣ್ಣು ಇಟ್ಟಿಗೆಯಂತಿತ್ತು. ಕುಡುಗೋಲು ಹಿಡಿದರೆ ಕಿಡಿ ಬರುವಂತಿತ್ತು. ಏನೂ ಇರಲಾರದು ಎಂದುಕೊಂಡೇ ಕೆದಕಿದೆ. ಗೇಣುದ್ದ ಹೋಗುವಷ್ಟರಲ್ಲಿ ಕೈಗೆ ಗುಂಡಗೆ ಸಿಕ್ಕಿತು. ಹೊರಸಿಪ್ಪೆ ಕಾಗದದಂತೆ ಒಣಗಿತ್ತು. ಒತ್ತಿದರೆ ಒಳಗೆ ಗಟ್ಟಿ. ಪಕ್ಕದಲ್ಲಿ ಇನ್ನೊಂದು, ಅದರಡಿಯಲ್ಲಿ ಮರಿಗಳು. ನಲವತ್ತು ಐವತ್ತು ಅಡಿಯ ಮರಗಳು ಒಣಗಿಹೋದ ಜಾಗದಲ್ಲಿ ಈರುಳ್ಳಿಯಷ್ಟು ದೊಡ್ಡದೊಂದು ಸುಮ್ಮನೆ ಮಲಗಿ ಬದುಕಿತ್ತು. ಎಣಿಸಿದರೆ ಹದಿನೇಳು. ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಗಂಟು ನೋಡಿ, “ಈರುಳ್ಳಿ ರೇಟು ಎಷ್ಟಮ್ಮ?” ಎಂದ.

ಆ ಮೇ ತಿಂಗಳಲ್ಲಿ ಅವು ಅರಳಲಿಲ್ಲ, ಎಲೆ ಮಾತ್ರ ಬಂತು. ಮುಂದಿನ ವರ್ಷ, 2019ರಲ್ಲಿ, ಕೃತ್ತಿಕೆ ಮಳೆ ಬಿದ್ದ ವಾರದಲ್ಲಿ ಒಂಬತ್ತು ಕೆಂಪು ಚೆಂಡುಗಳು ಎದ್ದವು. ನಾನು ಫೋಟೋ ತೆಗೆದು ತಮ್ಮನ ಮೊಬೈಲಿಗೆ ಕಳಿಸಿದೆ. ಅವನು ಆಗ ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದ. ಉತ್ತರ ಬರಲಿಲ್ಲ. ರಾತ್ರಿ ಹತ್ತಕ್ಕೆ ಫೋನು ಬಂತು. ಮಕ್ಕಳ ಓದು, ಬಿಸಿಲು, ಮಳೆ ಎಲ್ಲ ಮಾತಾಡಿದ. ಇಡುವ ಮುಂಚೆ, “ಅಕ್ಕ, ಕುಂಡದಲ್ಲಿ ಬರ್ತದೇನೆ ಅದು?” ಎಂದ.

“ಬರ್ತದೆ. ತಳಕ್ಕೆ ತೂತು ಮಾಡು. ಬೇಸಿಗೇಲಿ ನೀರು ಹಾಕಬೇಡ” ಎಂದೆ.

ನಾಲ್ಕು ಗೆಡ್ಡೆ ಕಿತ್ತು, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ, ಅವನ ಹೆಂಡತಿಯ ಕೈಗೆ ಕೊಟ್ಟು ಬಂದೆ.